ನಿದ್ದೆಹೋದ ರಕ್ಕಸ ರಾಜ

ಮೊನ್ನೆ ಬಾಳಗಡಿಯ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ವೇಷ ಕಟ್ಟುವ ಕೋಣೆಯ ಬಾಗಿಲು ತೆರೆದೆ. ತೆಂಗಿನೆಣ್ಣೆಯಲ್ಲಿ ಕಲಸಿದ ಮುಖದ ಬಣ್ಣದ ವಾಸನೆ... ಪಾಠ ಹೇಳುವ ನಾನು ಅಲ್ಲೇ ಹತ್ತು ವರ್ಷದ ಹುಡುಗಿಯಾಗಿಬಿಟ್ಟೆ. ಶೃಂಗೇರಿಯಲ್ಲಿ ನಮಗೆ ಯಕ್ಷಗಾನ ಕಲಿಸುತ್ತಿದ್ದ ಮೇಷ್ಟ್ರು ಕಣ್ಣ ಮುಂದೆ ಬಂದರು.

ಆಗ ನನಗೆ ಎರಡು ಕಾಯಿಲೆ ಒಟ್ಟಿಗೆ. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದು ಮುಟ್ಟಿದಲ್ಲೆಲ್ಲ ಮೈ ನೀಲಿಗಟ್ಟುತ್ತಿತ್ತು. ತಲೆಯಲ್ಲಿ ಅಲ್ಲಲ್ಲಿ ರೂಪಾಯಿಯಗಲ ಕೂದಲು ಉದುರಿತ್ತು. ರೋಗ ತಡೆಯಬೇಕಾದ ದೇಹದ ಕಾವಲುಗಾರರೇ ದಾರಿ ತಪ್ಪಿ ಪ್ಲೇಟ್‌ಲೆಟ್ಟಿಗೂ ಕೂದಲಿಗೂ ಹೊಡೆಯುತ್ತಿದ್ದಾರೆ ಎಂದರು ಡಾಕ್ಟರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಊರವರು ಪ್ಲೇಟ್‌ಲೆಟ್ಟಿಗೆ ಪಪ್ಪಾಯಿ ಎಲೆಯ ರಸ, ಕೂದಲಿಗೆ ಈರುಳ್ಳಿ ರಸ ಹೇಳಿದರು. ಅಜ್ಜಿ ಒಮ್ಮೆ ಅವಸರದಲ್ಲಿ ಈರುಳ್ಳಿಯದನ್ನು ಕುಡಿಸಿ, ಪಪ್ಪಾಯಿಯದನ್ನು ತಲೆಗೆ ಹಚ್ಚಿದಳು.

ಶಾಲೆಗೂ ಟೋಪಿ ಹಾಕಿಕೊಂಡೇ ಹೋಗುತ್ತಿದ್ದ ನನಗೆ ಬೇಕಿದ್ದದ್ದು ರಕ್ಕಸನ ವೇಷ. ಕಿರೀಟದ ಕೆಳಗಿನ ತಲೆ ಯಾರಿಗೂ ಕಾಣುವುದಿಲ್ಲವಲ್ಲ! ಆದರೆ ಕುಣಿದು ಬಿದ್ದರೆ ರಕ್ತ ನಿಲ್ಲದು ಎಂದು ಡಾಕ್ಟರು ಹೆದರಿಸಿದ್ದರು. ಮೇಷ್ಟ್ರು ಎಲೆಯಡಿಕೆಯ ಕವಳ ಜಗಿಯುತ್ತ ಯೋಚಿಸಿದರು.

"ಕುಣಿಯದ ರಾಕ್ಷಸ ಬೇಕು, ಅಷ್ಟೇ ಅಲ್ದಾ? ನೀ ನಿದ್ದೆ ಮಾಡು ಮಾರಾಯ್ತಿ."

ಹೊಸ ಪ್ರಸಂಗವನ್ನೇ ಕಟ್ಟಿದರು. ಶಾಪದಿಂದ ಸಿಂಹಾಸನದಲ್ಲೇ ನಿದ್ದೆಹೋದ ರಕ್ಕಸ ರಾಜ ನಾನು, ಎಬ್ಬಿಸಲು ಬರುವ ಮಂತ್ರಿ ಅವರು.

ಶಾಲೆಯಲ್ಲಿ ನಮ್ಮ ಯಕ್ಷಗಾನ ಆಟದ ದಿನ ರಂಗದ ಮೇಲೆ ನನಗೆ ನಿಜವಾಗಿಯೂ ನಿದ್ದೆ ಬಂತು. ಚೆಂಡೆಯ ಸದ್ದಿಗೂ ಎಚ್ಚರವಾಗಲಿಲ್ಲ. ತಲೆ ವಾಲಿ ಕಿರೀಟ ಉರುಳಿತು. ಕಣ್ಣು ಬಿಟ್ಟರೆ ಶಾಲೆಯವರೆಲ್ಲ ನನ್ನ ತಲೆಯನ್ನೇ ನೋಡುತ್ತಿದ್ದಾರೆ! ಯಾರೋ ಕಿಸಕ್ಕೆಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯಕ್ಷಗಾನದಲ್ಲಿ ಮಾತು ಬರೆದಿಟ್ಟದ್ದಲ್ಲ, ರಂಗದ ಮೇಲೆಯೇ ಹುಟ್ಟಬೇಕು. ಮೇಷ್ಟ್ರು ನಿಧಾನಕ್ಕೆ ತಮ್ಮ ಪೇಟ ತೆಗೆದರು. ಒಂದೂ ಕೂದಲಿಲ್ಲದ ತಲೆ ಮಿರಮಿರ ಮಿಂಚಿತು. ನನಗೆ ಕೈಮುಗಿದು ನಿಂತರು.

"ಪ್ರಭೂ, ಬುದ್ಧಿಗೆ ಜಾಗ ಬೇಕಾದಾಗ ಕೂದಲು ಸರಿದು ನಿಲ್ಲುತ್ತದೆ. ತಾವು ಈಗಷ್ಟೇ ಅಲ್ಲಲ್ಲಿ ಬುದ್ಧಿವಂತರಾಗುತ್ತಿದ್ದೀರಿ. ನನ್ನದು ಪೂರ್ತಿಯಾಯಿತು!"

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಮರುದಿನ ಟೋಪಿ ಮನೆಯಲ್ಲೇ ಬಿಟ್ಟು ಶಾಲೆಗೆ ಹೋದೆ.

ಔಷಧಿಗೆ ಪ್ಲೇಟ್‌ಲೆಟ್ ಏರಿತು, ಕೂದಲೂ ಬಂತು. ಮೇಷ್ಟ್ರು ಹೋದ ಮಳೆಗಾಲದಲ್ಲಿ ತೀರಿಕೊಂಡರು... ಈ ವಾರ ನನ್ನ ಕಿವಿಯ ಹಿಂದೆ ಮತ್ತೆ ಬೋಳು ಕಾಣಿಸಿಕೊಂಡಿದೆ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಎಂತದ್ದು ಮೇಡಂ ಇದು?" ಎಂದು ಕೇಳಿದರು.

"ಅಲ್ಲಲ್ಲಿ ಬುದ್ಧಿ ಬರ್ತಾ ಉಂಟು" ಎಂದೆ.

ಎಲ್ಲರೂ ನಕ್ಕರು. ಪಕ್ಕದಲ್ಲಿ ಪೇಟ ತೆಗೆದು ನಿಲ್ಲುವವರು ಮಾತ್ರ ಯಾರೂ ಇರಲಿಲ್ಲ.