ತಸ್ಲೀಮಾಳ ಅರಿಷಿಣ

ಸುರಪುರದ ರಂಗಂಪೇಟೆಯಲ್ಲಿ ತಸ್ಲೀಮಾಳ ಪಾರ್ಲರಿಗೂ ನನ್ನ ಹೊಲಿಗೆ ಮಷಿನ್ನಿಗೂ ನಡುವೆ ಒಂದೇ ಗೋಡೆ. ಮದುಮಗಳ ಜಂಪರ್ ನನ್ನ ಕೈಯಲ್ಲಿ, ಮುಖ ಅವಳ ಕೈಯಲ್ಲಿ. ಹೀಗಾಗಿ ಅವಳ ಬಗ್ಗೆ ಊರು ಆಡಿಕೊಂಡದ್ದೆಲ್ಲ ನನ್ನ ಕಿವಿಗೆ ಬಿದ್ದಿದೆ. ಕೇಳಿ ಕೇಳಿ ತಲೆ ಕೆಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಲು ಕುಳಿತಿದ್ದೇನೆ.

ತಸ್ಲೀಮಾ ಮೊದಲು ಮೆಹಂದಿ ಹಾಕುತ್ತಿದ್ದವಳು. ಶಹಾಪುರದ ಪಾರ್ಲರೊಂದರಲ್ಲಿ ಕೆಲಸ ಕಲಿತು ಬಂದು, ಮನೆಯ ಮುಂದಿನ ಕೋಣೆಗೆ ದೊಡ್ಡ ಕನ್ನಡಿ ಹಾಕಿಸಿದಳು. ಕೈ ನಯ, ಮಾತು ಒರಟು. ಬೆಳ್ಳಗೆ ಕಾಣುವಂತೆ ಮಾಡಿ ಎಂದು ಯಾರಾದರೂ ಕೇಳಿದರೆ, ಫೋಟೋದಲ್ಲಿ ಮುಖ ಒಬ್ಬಳದು, ಕುತ್ತಿಗೆ ಇನ್ನೊಬ್ಬಳದು ಕಂಡರೆ ನಡೆಯುತ್ತದೇನು ಎಂದು ಬಾಯಿ ಮುಚ್ಚಿಸುತ್ತಿದ್ದಳು. ಬಣ್ಣವನ್ನು ಹುಡುಗಿಯ ಕುತ್ತಿಗೆಗೆ ಚೂರು ಹಚ್ಚಿ, ಬಾಗಿಲ ಬಿಸಿಲಿಗೆ ನಿಲ್ಲಿಸಿ ಫೋನಿನಲ್ಲಿ ಫೋಟೋ ತೆಗೆದು ನೋಡಿದ ಮೇಲೆಯೇ ಮುಖಕ್ಕೆ ಹಚ್ಚುವುದು.

ಆದರೆ ಅವಳು ಹೆಸರು ಮಾಡಿದ್ದು ಅರಿಷಿಣದಿಂದ. ಕೊಂಬು ಒಣಗಿಸಿ, ತಾನೇ ಕುಟ್ಟಿ, ಕಡಲೆಹಿಟ್ಟು, ಹಾಲಿನ ಕೆನೆ ಹಾಕಿ ಕಲಸುವಳು. ಮದುಮಗಳಿಗೆ ಹಚ್ಚುವ ಮುಂಚೆ ತನ್ನ ಕೆನ್ನೆಗೆ ಹಚ್ಚಿಕೊಂಡು, ಒಣಗುವ ತನಕ ನಾಲ್ಕು ಹೆಂಗಸರ ನಡುವೆ ಕುಳಿತುಕೊಳ್ಳುವಳು. ಅದು ಅವಳು ತನಗೇ ಹಾಕಿಕೊಂಡ ಕಟ್ಟಳೆ. ನಮ್ಮ ಓಣಿಯ ಮದುವೆಗಳಿಗೆಲ್ಲ ಅವಳು ಕಲಸಿದ ಅರಿಷಿಣವೇ ಆಗಬೇಕಿತ್ತು. ಸಾಬರ ಮನೆಯದು ಎಂದು ಯಾರೂ ಮೂಗು ಮುರಿದದ್ದಿಲ್ಲ.

ಶೇಖಮ್ಮ ಅವಳ ಶಾಲೆಯ ಗೆಳತಿ. ಒಬ್ಬಳ ಬಾಣಂತನದಲ್ಲಿ ಇನ್ನೊಬ್ಬಳು ನಿಂತು ಮಾಡಿದವರು. ಶೇಖಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ನಾಗಲಕ್ಷ್ಮಿಗೆ ಶಹಾಪುರದ ವರ ಗೊತ್ತಾದ. ಗಂಡಿನವರಿಗೆ ಫೋಟೋದ ಹುಚ್ಚು. ನಾರಾಯಣಪುರದ ಡ್ಯಾಮಿನ ಹತ್ತಿರವೂ ಫೋಟೋ ತೆಗೆಸುವುದೆಂದಾಗಿತ್ತು. ಹುಡುಗಿಯ ಮುಖ ಈಗಿನಿಂದಲೇ ನಿನ್ನ ಪಾಲಿಗೆ ಎಂದು ಶೇಖಮ್ಮ ಗೆಳತಿಗೆ ಒಪ್ಪಿಸಿದಳು.

ತಸ್ಲೀಮಾ ಹುಡುಗಿಗೆ ಹೆಚ್ಚೇನೂ ಹೇಳಲಿಲ್ಲ. ಹೊತ್ತಿಗೆ ಸರಿಯಾಗಿ ನಿದ್ದೆ ಮಾಡು, ಬಿಸಿಲಿಗೆ ಮುಖ ಮುಚ್ಚಿಕೊ, ತನ್ನನ್ನು ಕೇಳದೆ ಹೊಸ ಕ್ರೀಮು ಮುಟ್ಟಬೇಡ. ಕೆಲವೇ ವಾರಗಳಲ್ಲಿ ಹುಡುಗಿಯ ಮುಖ ಹೊಳೆಯತೊಡಗಿತು. ಓಣಿಯವರೆಲ್ಲ ತಸ್ಲೀಮಾಳ ಕೈಗುಣವನ್ನು ಹೊಗಳಿದರು. ಅವಳು ಮಾತ್ರ ಒಮ್ಮೆ ನನ್ನ ಮುಂದೆ, ಇಷ್ಟು ಬೇಗ ಹೀಗೆ ಹೊಳೆಯಬಾರದಲ್ಲ ಎಂದಿದ್ದಳು.

ಮದುವೆಗೆ ಐದಾರು ದಿನ ಮೊದಲೇ ಅರಿಷಿಣ ಹಚ್ಚುವುದು ಶೇಖಮ್ಮನ ಮನೆಯ ಪದ್ಧತಿ. ಹಚ್ಚಿದ ಮೇಲೆ ಮದುಮಗಳು ಮುಖಕ್ಕೆ ಸೋಪು, ಕ್ರೀಮು ಏನನ್ನೂ ಹಚ್ಚುವಂತಿಲ್ಲ. ಮದುವೆಯ ಹಿಂದಿನ ದಿನ ಮುಂಜಾನೆ ನಾನು ಜಂಪರ್ ಕೊಡಲು ಹೋದಾಗ ನಾಗಲಕ್ಷ್ಮಿಯ ಮುಖ ಕೆಂಡವಾಗಿತ್ತು. ಕೆನ್ನೆಯ ತುಂಬ ಗುಳ್ಳೆ, ಉರಿ ಎಂದು ಅಳುತ್ತಿದ್ದಾಳೆ. ಸುತ್ತ ಬೀಗರ ಕಡೆಯ ಹೆಂಗಸರು. ಕರೆ ಹೋಗಿ ತಸ್ಲೀಮಾ ಓಡಿ ಬಂದಳು. ಅವಳು ಹೊಸ್ತಿಲು ದಾಟುವ ಮೊದಲೇ ಶೇಖಮ್ಮ ಎಲ್ಲರಿಗೂ ಕೇಳುವಂತೆ ಅಂದಳು:

"ಅರಿಷಿಣದಾಗ ಏನ್ ಕಲಸೀದಿ ತಸ್ಲೀಮಾ?"

ಅದೇ ಅರಿಷಿಣ ತಸ್ಲೀಮಾಳ ಕೆನ್ನೆಗೂ ಹತ್ತಿತ್ತು, ಅಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಅದನ್ನು ನೋಡುವ ಕಣ್ಣು ಅಲ್ಲಿ ಯಾರಿಗಿತ್ತು? ತಸ್ಲೀಮಾ ಹುಡುಗಿಯನ್ನು ಒಳಕೋಣೆಗೆ ಕರೆದೊಯ್ದಳು. ಜಂಪರಿನ ಅಳತೆ ನೋಡುವ ನೆಪದಲ್ಲಿ ನಾನೂ ಹಿಂದೆ ಹೋದೆ. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ನೋಡಿದರೆ, ಚರ್ಮ ತೆಳುವಾಗಿ ಕೆಳಗಿನ ಕೆಂಪು ನರ ಕಾಣುತ್ತಿತ್ತು. ಏನು ಹಚ್ಚುತ್ತಿದ್ದೆ ಎಂದು ತಸ್ಲೀಮಾ ಮೆಲ್ಲಗೆ ಕೇಳಿದಳು. ಹುಡುಗಿ ಬಾಯಿ ಬಿಟ್ಟಳು. ಬೆಳ್ಳಗಾಗುವ ಕ್ರೀಮು, ಫೋಟೋ ಚೆನ್ನಾಗಿ ಬರಲೆಂದು ಗಂಡಿನ ಅಕ್ಕ ಕೊಟ್ಟದ್ದು. ದಿನಾ ಹಚ್ಚಿದ್ದಳು. ಅರಿಷಿಣಕ್ಕೆಂದು ತಟ್ಟನೆ ಬಿಟ್ಟಿದ್ದೇ ಮುಖ ಹೀಗೆ ಎದ್ದಿತ್ತು.

"ಅದು ಮುಗದ ಮ್ಯಾಲ?"

"ಯಾದಗಿರಿಯಿಂದ ಅವ್ವನ ತಂದು ಕೊಟ್ಟಾಳ ಖಾಲಾ. ಅವರಕ್ಕನ ಹೆಸರು ಹೊರಗ ಬಂದ್ರ ನಾ ಆ ಮನ್ಯಾಗ ಹ್ಯಾಂಗ ಬಾಳ್ವಿ ಮಾಡ್ಲಿ?"

ತಸ್ಲೀಮಾ ಗೋಡೆಗೆ ಆನಿಕೊಂಡು ಕುಳಿತುಬಿಟ್ಟಳು. ಶೇಖಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಜನರ ಮುಂದೆ ಆ ಮಾತು ಆಡಿದ್ದಳು. ಅಷ್ಟರಲ್ಲಿ ಶೇಖಮ್ಮ ಒಳಗೆ ಬಂದು, ಬಾಗಿಲು ಹಾಕಿ, ಗೆಳತಿಯ ಎರಡೂ ಕೈ ಹಿಡಿದುಕೊಂಡಳು.

"ಮದವಿ ಒಂದ್ ಮುಗೀಲಿ. ಆಮ್ಯಾಲ ನಾನ ಎಲ್ಲಾರಿಗೂ ಖರೇ ಹೇಳ್ತೇನಿ."

ತಸ್ಲೀಮಾ ಅದನ್ನು ನಂಬಿದಳು. ಆ ಇಡೀ ದಿನ ತಣ್ಣೀರ ಬಟ್ಟೆ ಹಾಕುತ್ತ ಹುಡುಗಿಯ ಪಕ್ಕದಲ್ಲೇ ಇದ್ದಳು. ಮರುದಿನ ಕೆಂಪು ಅಡಗಲೆಂದು ಮೊದಲು ಹಸಿರು ಛಾಯೆಯ ಕ್ರೀಮನ್ನು ಬೆರಳ ತುದಿಯಿಂದ ತಟ್ಟಿ, ಅದರ ಮೇಲೆ ಪದರ ಪದರವಾಗಿ ಬಣ್ಣ ಕೂರಿಸಿದಳು. ಫೋಟೋಗಳು ದೃಷ್ಟಿ ತಾಗುವಂತೆ ಬಂದವು.

ಮದುವೆ ಮುಗಿಯಿತು, ಆಲ್ಬಮ್ ಬಂತು, ಮನೆ ಮನೆ ತಿರುಗಿತು. ಆಲ್ಬಮ್ ತೋರಿಸುತ್ತ ಶೇಖಮ್ಮ ಹೇಳಿದ್ದು ಒಂದೇ ಮಾತು: ಆ ಅರಿಷಿಣದಿಂದ ಮಗಳ ಮುಖ ಹೋಗಿತ್ತು, ದೇವರು ದೊಡ್ಡವನು, ಪಾರಾದೆವು. ಖರೇ ಹೇಳುವ ದಿನ ಬರಲೇ ಇಲ್ಲ. ಮೊದಲು ಅರಿಷಿಣಕ್ಕೆ ಕರೆಯುವುದು ನಿಂತಿತು. ಆಮೇಲೆ ಮೇಕಪ್ಪಿಗೂ. ಗೋಡೆಯಾಚೆ ಮದುವಣಗಿತ್ತಿಯರ ನಗು ಕೇಳುತ್ತಿದ್ದ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಒಂದು ದಿನ ನಾನು ಬೀದಿಯಲ್ಲಿ ನಿಂತು ಎಲ್ಲವನ್ನೂ ಕೂಗಿ ಹೇಳುತ್ತೇನೆ ಎಂದು ಎದ್ದೆ. ತಸ್ಲೀಮಾ ಸೆರಗು ಹಿಡಿದು ಕೂರಿಸಿದಳು.

"ಹುಡುಗಿ ಸಂಸಾರ ಅದ ಮಲ್ಲಾಬಾಯಿ, ಸುಮ್ನಿರು. ಹೇಳಬೇಕಾದಾಕಿ ಶೇಖಿ. ಆಕಿನ ಹೇಳ್ಲಿ."

ಮುಂದಿನ ವರ್ಷ ಶೇಖಮ್ಮನ ಕಿರಿಯ ಮಗಳಿಗೂ ಮದುವೆ ಗೊತ್ತಾಯಿತು. ಒಂದು ಮಧ್ಯಾಹ್ನ, ಓಣಿಯೆಲ್ಲ ಮಲಗಿದ ಹೊತ್ತಿನಲ್ಲಿ, ಶೇಖಮ್ಮ ಹಿತ್ತಲ ಬಾಗಿಲಿಂದ ಬಂದಳು. ಸೆರಗಿನ ಕೆಳಗೆ ಸ್ಟೀಲಿನ ಡಬ್ಬಿ. ನಾನು ತಸ್ಲೀಮಾಳ ಜೊತೆ ಚಹಾ ಕುಡಿಯುತ್ತ ಕುಳಿತಿದ್ದೆ. ನನ್ನನ್ನು ಕಂಡು ಒಂದು ಗಳಿಗೆ ತಡೆದಳು, ಆದರೂ ಹೇಳಿದಳು:

"ಮಗಳ ಮಾರಿಗೆ ಬ್ಯಾರೆ ಯಾರ ಕೈದೂ ನನಗ ನಂಬಿಕಿ ಇಲ್ಲ. ಅರಿಷಿಣ ಇದ್ರಾಗ ಹಾಕಿ ಮುಚ್ಚಿ ಕೊಡು. ನಾನ ಕಲಸೀನಿ ಅಂತ ಹೇಳ್ತೇನಿ."

ತಸ್ಲೀಮಾ ಎದ್ದು ಅರಿಷಿಣ ಕಲಸಿ ಡಬ್ಬಿಗೆ ತುಂಬಿದಳು. ಉಳಿದದ್ದನ್ನು ತನ್ನ ಕೆನ್ನೆಗೆ ಹಚ್ಚಿಕೊಂಡು, ಡಬ್ಬಿ ಹಿಡಿದು ಮುಂಬಾಗಿಲು ತೆರೆದು, ಬೀದಿಯ ಕಟ್ಟೆಯ ಮೇಲೆ ಕುಳಿತಳು.

"ಬಾ ಶೇಖಿ. ಇದು ಒಣಗೂ ತನಕ ನನ್ನ ಬಾಜೂಕ ಕುಂಡ್ರು. ಆಮ್ಯಾಲ ಒಯ್ಯಿ."

ಶೇಖಮ್ಮ ಹೊಸ್ತಿಲ ತನಕ ಬಂದಳು. ಎದುರು ಮನೆಯವರು ಬಾಗಿಲು ತೆರೆಯುತ್ತಿದ್ದರು. ಅವಳು ಹಿಂದೆ ಸರಿದು, ಬಂದ ದಾರಿಯಲ್ಲೇ ಹಿತ್ತಲಿಂದ ಹೊರಟುಹೋದಳು.

ತಸ್ಲೀಮಾ ಕುಳಿತೇ ಇದ್ದಳು. ಅರಿಷಿಣ ಒಣಗಿ ಕೆನ್ನೆಯ ಮೇಲೆ ಬಿರುಕು ಬಿಟ್ಟಿತು. ಡಬ್ಬಿಯನ್ನು ಒಳಗಿಡಲು ನಾನು ಎತ್ತಿಕೊಂಡಾಗ ಮುಚ್ಚಳದ ಮೇಲೆ ಕೆತ್ತಿಸಿದ ಅಕ್ಷರ ಕಂಡಿತು. ಶೇಖಮ್ಮನ ಮದುವೆಗೆ ಉಡುಗೊರೆ ಕೊಟ್ಟ ಡಬ್ಬಿ ಅದು, ಕೊಟ್ಟವಳ ಹೆಸರು ಇನ್ನೂ ಅಳಿಸಿರಲಿಲ್ಲ: ತಸ್ಲೀಮಾ.