ಹುಸೇನಪ್ಪನ ಒಳಜೇಬು

ದೇವದುರ್ಗದ ಬಸ್‌ಸ್ಟ್ಯಾಂಡಿನೆದುರು ಹೊಲಿಗೆ ಅಂಗಡಿ ಇಟ್ಟಿದ್ದ ಹುಸೇನಪ್ಪ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದನ್ನು ನಾನು ಕಂಡಿಲ್ಲ. "ಗುರುವಾರ ಬರ್ರಿ ಸರ" ಅನ್ನುತ್ತಿದ್ದ. ಯಾವ ಗುರುವಾರ ಎಂದರೆ, "ಎಲ್ಲಾ ಗುರುವಾರ ಒಂದ ಬಣ್ಣ ಬಿಡ್ರಿ" ಎಂದು ಬೀಡಿ ಹಚ್ಚುತ್ತಿದ್ದ. ಆದರೂ ಜಾಲಹಳ್ಳಿ, ಗೂಗಲ್‌ನಿಂದ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಂಗಿಯೊಳಗೆ ಅವನು ಹೊಲಿಯುತ್ತಿದ್ದ ಜೇಬು ಹೊರಗಿನಿಂದ ಗೊತ್ತೇ ಆಗುತ್ತಿರಲಿಲ್ಲ. ಸಂತೆಗೆ ಹೋಗುವವರಿಗೆ ಅದೇ ಬೇಕಿತ್ತು.

ಮೂತ್ರದಲ್ಲಿ ರಕ್ತ ಕಂಡಾಗಲೂ ‘ಉಷ್ಣ’ ಎಂದು ತಿಂಗಳುಗಟ್ಟಲೆ ಮುಂದೂಡಿದ. ಎಷ್ಟು ತಿಂಗಳು? ಅವನ ಹೆಂಡತಿ ಹನುಮವ್ವ ಹೇಳುವುದೊಂದು, ನನ್ನ ನೆನಪೊಂದು; ಎರಡನ್ನೂ ನಾನು ನಂಬುವುದಿಲ್ಲ. ಕೊನೆಗೆ ರಾಯಚೂರಿನ ಡಾಕ್ಟರು ಕೊಳವೆ ಹಾಕಿ ನೋಡಿ, ಕ್ಯಾನ್ಸರ್ ಮೂತ್ರಕೋಶದ ಗೋಡೆಯೊಳಗೆ ಇಳಿದಿದೆ, ಕೋಶವನ್ನೇ ತೆಗೆಯಬೇಕು ಎಂದು ಹೈದರಾಬಾದಿಗೆ ಕಳಿಸಿದರು. ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದ ನಾನೂ ಗಂಡ-ಹೆಂಡತಿಯ ಜೊತೆಗೆ ಹೋದೆ.

ಅಲ್ಲಿನ ಸರ್ಜನ್ ಮಾನ್ವಿ ಕಡೆಯವರು. ಸಣ್ಣ ತೂತುಗಳಿಂದ ರೋಬೋಟಿನ ಕೈಗಳು ಒಳಗೆ ಹೋಗುತ್ತವೆ ಎಂದು ವಿವರಿಸಿದರು.

"ಅದು ತಾನಾ ಹೊಲಿತದೇನ್ರಿ?" ಹುಸೇನಪ್ಪ ಕೇಳಿದ.

"ಇಲ್ಲಪಾ, ನಾ ಕುಂತು ನಡಸ್ತೀನಿ."

"ಕಾಲಾಗ ಪೆಡ್ಲ ಅದ?"

ಡಾಕ್ಟರು ನಕ್ಕರು. "ಅದ."

"ಹಂಗಾದ್ರ ಹೊಲಿಯಾಂವ ಮನಷ್ಯಾನ. ಆತು ಬಿಡ್ರಿ."

ಅವರು ಮುಂದೆ ಹೇಳಿದ್ದು ಕಠಿಣವಾಗಿತ್ತು. ಮೂತ್ರಕ್ಕೆ ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಳ್ಳಬಹುದು. ಇಲ್ಲವೇ ಅವನದೇ ಕರುಳಿನ ತುಂಡಿನಿಂದ ಒಳಗೆ ಹೊಸ ಕೋಶ ಹೊಲಿಯಬಹುದು. ಆದರೆ ತುಂಬಿದಾಗ ಅದು ಹಳೆಯದರಂತೆ ಸೂಚನೆ ಕೊಡದು. ಗಡಿಯಾರ ನೋಡಿ ಹೋಗಬೇಕು. ತಡಮಾಡುತ್ತ ಹೋದರೆ ಹಿಗ್ಗಿ ಕೆಡುತ್ತದೆ, ಕಿಡ್ನಿಗೂ ಪೆಟ್ಟು.

"ಒಳಜೇಬ ಹೊಲೀರಿ" ಎಂದ ಹುಸೇನಪ್ಪ.

ಹನುಮವ್ವ ಹಣೆ ಬಡಿದುಕೊಂಡಳು. "ಯಪ್ಪಾ ಡಾಕ್ಟ್ರ, ಇವ ಹುಟ್ಟಿದಾಗಿಂದ ಒಂದು ಜಂಪರ ಟೈಮಿಗೆ ಕೊಟ್ಟಿಲ್ರಿ. ಟೈಮಿಗೆ ಉಚ್ಚಿ ಹೊಯ್ತಾನೇನು?"

"ಅವು ಮಂದಿ ಅರಿವಿ. ಇದು ನಂದು ಬೇ."

ಕಿವಿಯ ಹಿಂದಿದ್ದ ಬೀಡಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟ. ಅಥವಾ ಇಟ್ಟನೆಂದು ನಾನೇ ಆಮೇಲೆ ಸೇರಿಸಿಕೊಂಡೆನೋ. ಬೀಡಿಯನ್ನಂತೂ ಬಿಟ್ಟ.

ಆಪರೇಷನ್ ಮುಗಿಸಿ ಊರಿಗೆ ಬಂದವನೇ ಅಂಗಿ ಎತ್ತಿ ಹೊಟ್ಟೆಯ ಮೇಲಿನ ತೂತುಗಳ ಗುರುತು ತೋರಿಸಿದ. "ನೋಡ್ರಿ ಸರ, ಆರು ಕಾಜಾ. ಗುಂಡಿ ಒಂದೂ ಇಲ್ಲ." ಮೊದಮೊದಲು ಬಟ್ಟೆ ಒದ್ದೆಯಾಗುತ್ತಿತ್ತು, ಚಡ್ಡಿಗೆ ತಾನೇ ಮೂರು ಪದರ ಕೊಟ್ಟು ಹೊಲಿದುಕೊಂಡ.

ಕಾಯಿಲೆ ಅವನನ್ನು ತಿದ್ದಿತು ಎಂದು ಬರೆದರೆ ಚೆಂದ ಕಾಣುತ್ತದೆ. ಸುಳ್ಳು. ಗಿರಾಕಿಗಳ ಬಟ್ಟೆ ಮೊದಲಿನಷ್ಟೇ ತಡ.

ನನ್ನನ್ನು ಮಾನ್ವಿ ಕಡೆಯ ಹಿರೇಕೊಟ್ನೆಕಲ್ ಶಾಲೆಗೆ ವರ್ಗ ಮಾಡಿದಾಗ ಅಂಗಿಯ ಅಳತೆ ಕೊಡಲು ಹೋದೆ. ಅವನನ್ನು ನೋಡಿದ್ದು ಅದೇ ಕೊನೆ. ಕೈ ಚಾಚಿ ನಿಂತಿದ್ದೆ, ಗೋಡೆಯ ಮೇಲಿನ ಗಡಿಯಾರದ ಅಲಾರಂ ಹೊಡೆಯಿತು. ಟೇಪನ್ನು ನನ್ನ ಕೊರಳಿಗೆ ಹಾಕಿ, ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲಿಗೆ ನಡೆದ.

"ಕೈ ಇಳಿಸಬ್ಯಾಡ್ರಿ ಸರ, ಬಂದೆ!"

ನನ್ನ ಮಾನ್ವಿ ಬಸ್ಸು ಕಣ್ಣೆದುರೇ ಹೊರಟಿತು. ಆ ಅಂಗಿ ಇನ್ನೂ ಕೈಗೆ ಬಂದಿಲ್ಲ. ಆದರೆ ಅವತ್ತು ನಾನು ಎರಡೂ ಕೈ ಚಾಚಿಕೊಂಡು, ಅವನು ಬರುವ ತನಕ ಸಂತೋಷದಿಂದ ನಿಂತೇ ಇದ್ದೆ.