ಗೋಡೆಯಾಚೆಯ ನೀರು

ಆಕೆಯ ಬಲಗಾಲಿನಲ್ಲಿ ಬೆಳ್ಳಿ ಕಾಲುಂಗುರವಿತ್ತು, ಎಡಗಾಲು ಬರಿದು. ಬೇಗೂರಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹೆಂಗಸರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಯಾರಾದರೂ ಬಾಯಿಬಿಟ್ಟು ಕೇಳಿದರೆ, "ಅದನ್ನ ನಮ್ಮ ಕಂಪ್ಯೂಟರ್ ಹಾಕ್ಕೊಂಡೈತ್ರಿ" ಎನ್ನುತ್ತಿದ್ದಳು.

ಜೋಕ್ ಅಲ್ಲ. ಆ ಉಂಗುರ ನಿಜಕ್ಕೂ ಆಕೆಯ ಕಂಪ್ಯೂಟರಿನ ನೀರಿನ ಟ್ಯಾಂಕಿನ ತಳದಲ್ಲಿತ್ತು. "ನೀರಾಗ ಬೆಳ್ಳಿ ಇದ್ರ ಪಾಚಿ ಕಟ್ಟಂಗಿಲ್ರಿ ಆಂಟಿ. ನಮ್ಮವ್ವ ಕುಡಿಯೋ ನೀರಿನ ಕೊಡದಾಗ ಬೆಳ್ಳಿ ರೂಪಾಯಿ ಹಾಕ್ತಿದ್ಲು."

ಪಕ್ಕದ ಮನೆಯಾಕೆ. ಗದಗ ಕಡೆಯವಳು. ಗಂಡ ಮಸ್ಕತ್ತಿನಲ್ಲಿದ್ದ. ಇನ್ನೂ ಕಟ್ಟದ ಬಿಲ್ಡಿಂಗುಗಳು ಕಟ್ಟಿದ ಮೇಲೆ ಹೇಗೆ ಕಾಣುತ್ತವೆ ಎಂಬ ಚಿತ್ರಗಳನ್ನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಮನೆಯಲ್ಲೇ ಕೂತು ತಯಾರಿಸುತ್ತಿದ್ದಳು. ಒಂದು ಚಿತ್ರ ಮೂಡಲು ಮಷೀನ್ ಮಧ್ಯಾಹ್ನವಿಡೀ ಓಡಬೇಕಿತ್ತು. ಅದರ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಭೋರೆನ್ನುತ್ತಿದ್ದವು. ಆಕೆಯ ಕೆಲಸದ ಕೋಣೆಗೂ ನಮ್ಮ ಬೆಡ್‌ರೂಮಿಗೂ ಒಂದೇ ಗೋಡೆ.

ಆ ಬೆಡ್‌ರೂಮಿನಲ್ಲಿ ನಮ್ಮ ಯಜಮಾನರು. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಇಡೀ ಸರ್ವಿಸ್ ಮುಗಿಸಿದ ಇಂಜಿನಿಯರ್. ಸ್ಟ್ರೋಕ್ ಆಗಿ ಬಲಭಾಗ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು, ಹಟ ಮಾತ್ರ ಹಾಗೇ ಇತ್ತು. ನಾನು ಕಣ್ಣು ಮುಚ್ಚಿದರೆ ಸಾಕು, ಒಬ್ಬರೇ ಎದ್ದು ನಿಲ್ಲಲು ನೋಡಿ ಬೀಳುತ್ತಿದ್ದರು. ಕರೆಯಲು ಇರಲಿ ಎಂದು ದೇವರಮನೆಯ ಗಂಟೆ ತಂದು ಕೈಗೆ ಕೊಟ್ಟೆ. "ನಾನೇನು ದನಾನಾ, ಗಂಟೆ ಕಟ್ಟೋಕೆ?" ಎಂದು ಎಸೆದರು. ಹೋಮ್ ನರ್ಸ್ ಬಂದವಳೂ ನಿಲ್ಲಲಿಲ್ಲ. ಹೀಗೆ ನನ್ನ ನಿದ್ದೆ ಹೋಯಿತು. ಕುಕ್ಕರ್ ಇಟ್ಟು ನಿಂತಲ್ಲೇ ತೂಕಡಿಸಿ ಒಮ್ಮೆ ಮೊಣಕೈ ಸುಟ್ಟುಕೊಂಡೆ.

'ನೆವರ್ ಕಂಪ್ಲೇನ್, ಗರ್ಲ್ಸ್' ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರೂ ಕೊನೆಗೊಂದು ದಿನ ಆಕೆಯ ಬಾಗಿಲು ತಟ್ಟಿದೆ. ಆಕೆ ನನ್ನ ಮಾತಿಗಿಂತ ಮುಖವನ್ನೇ ಹೆಚ್ಚು ನೋಡಿದಳು. ಮೊಣಕೈಯನ್ನೂ. "ತಪ್ಪಾತ್ರಿ ಆಂಟಿ. ಇದಕ್ಕ ನೀರಿನ ವ್ಯವಸ್ಥಾ ಮಾಡಿಬಿಡ್ತೀನಿ" ಎಂದಳು. ನೀರು ಪೈಪಿನಲ್ಲಿ ಸುತ್ತಿ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ, ದೊಡ್ಡ ಫ್ಯಾನು ಬೇಕಾಗುವುದಿಲ್ಲ, ಶಬ್ದವಿಲ್ಲ. ನನಗೆ ಅರ್ಥವಾದದ್ದು ಅಷ್ಟು.

ಮಾರನೆಯ ವಾರ ಬಂದವಳು ನನ್ನ ಹತ್ತಿರ ಮಾತಾಡಲಿಲ್ಲ. ನೇರ ಯಜಮಾನರ ಮಂಚದ ಹತ್ತಿರ ಹೋಗಿ ಪೈಪಿನ ತುಂಡುಗಳನ್ನು ಅವರ ಎಡಗೈಗೆ ಹಾಕಿದಳು.

"ಅಂಕಲ್, ಜೀವಮಾನ ಎಲ್ಲಾ ಕೂಲಂಟ್ ಪೈಪ್ ನೋಡೀರಿ. ಯಾವುದು ಹಾಕ್ಲಿ?"

ಅವರು ಒಂದೊಂದನ್ನೇ ಎದೆಗೆ ಒತ್ತಿ ಮಡಚಿದರು. ಗಾಜಿನಂತೆ ಹೊಳೆಯುವ ತೆಳ್ಳನೆಯದು ಥಟ್ಟನೆ ಮುರಿದಂತೆ ಮಡಿಯಿತು. "ಕಿಂಕ್," ಎಂದರು, ತಿಂಗಳುಗಳಲ್ಲಿ ಮೊದಲ ಸಲ ಸ್ಪಷ್ಟವಾಗಿ. "ತಿರುವಲ್ಲಿ ನೀರು ನಿಲ್ಲತ್ತೆ. ವರ್ಷದಲ್ಲಿ ಮಬ್ಬೂ ಆಗತ್ತೆ." ಕಪ್ಪು ರಬ್ಬರಿನದು ದುಂಡಗೇ ಬಾಗಿತು. "ಇದು."

"ಅಯ್ಯ, ಕರೀದ್ರಾಗ ನೀರು ಹರಿಯೋದು ಕಾಣೂದಿಲ್ಲಲ್ರಿ!"

"ತುಂಬಿದ ಪೈಪಲ್ಲಿ ನೀರು ಓಡ್ತಿದ್ಯೋ ನಿಂತಿದ್ಯೋ, ಬಿಳೀದಾದ್ರೂ ಕಾಣಲ್ಲಮ್ಮಾ. ಚಕ್ರ ಹಾಕು."

ಹಾಗೆ ಆ ಚಕ್ರ ಬಂತು. ಬೆಂಕಿಪೊಟ್ಟಣದಷ್ಟು ಗಾಜಿನ ಡಬ್ಬಿ, ಒಳಗೆ ಕಿತ್ತಳೆ ಬಣ್ಣದ ಪುಟ್ಟ ಚಕ್ರ. ನೀರು ಹಾದಂತೆ ತಿರುಗುತ್ತದೆ. ಸ್ಕೂಟರ್ ಅಂಗಡಿಯಿಂದ ಕ್ಯಾನುಗಟ್ಟಲೆ ಬ್ಯಾಟರಿ ನೀರು ತಂದು ತುಂಬಿಸಿದಳು. ಕಾಲುಂಗುರ ಹಾಕಿದಳು. ಗೋಡೆ ಸುಮ್ಮನಾಯಿತು.

ನನ್ನ ನಿದ್ದೆ ಮಾತ್ರ ಬರಲಿಲ್ಲ, ಅದನ್ನು ಕೆಡಿಸಿದ್ದು ಗೋಡೆಯಲ್ಲವಲ್ಲ. ಆಕೆಗೆ ಅದೂ ಗೊತ್ತಾಗಿತ್ತೆಂದು ಕಾಣುತ್ತದೆ. ಒಂದು ಮಧ್ಯಾಹ್ನ ಬ್ಯಾಗು ಹೆಗಲಿಗೇರಿಸಿ ಬಂದು ನಿಂತಳು. "ಅಂಕಲ್, ನಾನು ಆಫೀಸಿಗೆ ಹೋಗಬೇಕು, ಮಷೀನ್ ನಡೀಲಿಕ್ಕತ್ತೈತಿ. ಚಕ್ರ ನಿಂತ್ರ ಎಲ್ಲಾ ಸುಟ್ಟು ಹೋಗ್ತೈತಿ. ನೋಡೋರು ಯಾರೂ ಇಲ್ರಿ."

ಯಜಮಾನರು ಶರ್ಟು ಬದಲಾಯಿಸು ಎಂದರು. ವೀಲ್‌ಚೇರಿನಲ್ಲಿ ಆಕೆಯ ಮನೆಗೆ ಹೋದೆವು. ಆಕೆ ಅವರನ್ನು ಚಕ್ರದೆದುರು ಕೂರಿಸಿ ಕೈಗೆ ತನ್ನ ದೇವರಮನೆಯ ಗಂಟೆ ಕೊಟ್ಟಳು. "ನಿಂತ್ರ ಬಾರಿಸ್ರಿ. ಆಂಟಿ ಸ್ವಿಚ್ ತೆಗೀತಾರ." ಈ ಸಲ ಅವರು ಎಸೆಯಲಿಲ್ಲ! ಮಷೀನಿಗಾಗಿ ಹಿಡಿದ ಗಂಟೆ ಅದು, ಅವರಿಗಾಗಿ ಅಲ್ಲವಲ್ಲ. ಡ್ಯೂಟಿ ಬಿಟ್ಟು ಏಳುವವರೂ ಅವರಲ್ಲ.

"ನೀವು ಆ ದಿವಾನದ ಮ್ಯಾಲ ಅಡ್ಡಾಗ್ರಿ, ಕರದ್ರ ಏಳ್ರಿ" ಎಂದು ಚಪ್ಪಲಿ ಮೆಟ್ಟಿ ಹೋದಳು. ನಾನು ಅಡ್ಡಾದದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಸಂಜೆ ಬಿಸಿಲು ಗೋಡೆಯ ಮೇಲಿತ್ತು, ಅವರು ಕೂತಲ್ಲೇ ಕೂತು ಚಕ್ರ ನೋಡುತ್ತಿದ್ದರು.

ಆಮೇಲೆ ಆಕೆಗೆ ಆಫೀಸಿನ ಕೆಲಸ ಯಾಕೋ ಹೆಚ್ಚಾಯಿತು. ವಾರಕ್ಕೆರಡು ಸಲ, ಕೆಲವೊಮ್ಮೆ ಮೂರು.

ಚಕ್ರ ನಿಜಕ್ಕೂ ನಿಂತದ್ದು ಒಂದೇ ಸಲ. ಗಂಟೆ ಕೇಳಿ ತಡಬಡಿಸಿ ಎದ್ದೆ. ನಾನು ಸ್ವಿಚ್ಚಿನ ಹತ್ತಿರ ಹೋಗುವಷ್ಟರಲ್ಲಿ ಮಷೀನ್ ಕೀ ಎಂದು ಕೂಗಿ ತಾನೇ ಆಫ್ ಆಯಿತು. ಅದನ್ನೂ ಅವರನ್ನೂ ನೋಡುತ್ತಾ ನಿಂತೆ. ಅವರ ಬಾಯಿ ಒಂದು ಕಡೆಗೆ ನಗುತ್ತಿತ್ತು.

"ಚಕ್ರದಿಂದ ವಯರ್ ಹೋಗಿದೆ, ನೋಡು. ನಿಂತ್ರೆ ಅದೇ ಆಫ್ ಆಗತ್ತೆ. ಮೊದಲ್ನೇ ದಿನಾನೇ ನೋಡ್ದೆ."

"ಮತ್ಯಾಕ್ರೀ ಇಷ್ಟು ದಿನ ಗಂಟೆ ಹಿಡ್ಕೊಂಡು ಕೂತ್ರಿ?"

"ನೀನು ಗೊರಕೆ ಹೊಡೀತಿದ್ದೆ. ನಿಲ್ಸೋದ್ಯಾಕೆ ಅಂತ." ಗಂಟೆ ಕೆಳಗಿಟ್ಟು, "ಆ ಹುಡುಗಿಗೆ ಹೇಳ್ಬೇಡ."

ಸಂಜೆ ಆಕೆ ಬಂದು ನೋಡಿ, ಪಂಪ್ ಕೆಟ್ಟಿದೆ ಎಂದಳು. ಎದೆ ಮೇಲೆ ಕೈಯಿಟ್ಟುಕೊಂಡು, "ಅಂಕಲ್, ನೀವು ಇರಲಿಲ್ಲಂದ್ರ ಇವತ್ತು ಬೂದಿ ಆಗ್ತಿತ್ರಿ!"

"ಡ್ಯೂಟಿ ಅಮ್ಮಾ," ಎಂದರು ಯಜಮಾನರು. ಇಬ್ಬರ ಮುಖದಲ್ಲೂ ಒಂದು ಗೆರೆ ಅಲುಗಲಿಲ್ಲ. ನಾನು ಕಾಫಿ ನೆಪ ಮಾಡಿ ಅಡುಗೆಮನೆಗೆ ಹೋದೆ.

ಕೆಲವು ವರ್ಷಗಳ ಮೇಲೆ ಆಕೆ ಊರಿಗೆ ಮರಳಿದಳು. ಅಲ್ಲಿಯೇ ಕಾಯಿಲೆ ಬಿದ್ದು ಹೋಗಿಬಿಟ್ಟಳು, ನನಗಿಂತ ಅಷ್ಟು ಚಿಕ್ಕವಳು. ಉಪಕಾರ ಪಡೆದ ದಿನವೇ ಥ್ಯಾಂಕ್ ಯೂ ನೋಟ್ ಬರೆಯಬೇಕೆಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಇದಕ್ಕೆ ಬರೆಯುವ ಹಾಗೂ ಇರಲಿಲ್ಲ. ಬರೆದರೆ ಗುಟ್ಟು ಒಡೆಯುತ್ತಿತ್ತು.

ಈಗ ಹೆಚ್ಚು ನೆನಪಾಗುವುದು ಆಕೆ ಊರಿಗೆ ಹೋಗುವ ಮೊದಲು, ಯಜಮಾನರು ತೀರಿಕೊಂಡ ಮೇಲಿನ ಒಂದು ಮಧ್ಯಾಹ್ನ. ಕಾರ್ಯವೆಲ್ಲ ಮುಗಿದು ನೆಂಟರು ಹೊರಟಿದ್ದರು. ಈಗ ಮಲಗಲು ಯಾವ ಅಡ್ಡಿಯೂ ಇರಲಿಲ್ಲ, ನಿದ್ದೆಯೇ ಇರಲಿಲ್ಲ. ಆಕೆ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು.

"ಆಂಟಿ, ಆಫೀಸಿಗೆ ಕರದಾರ. ಮಷೀನ್ ನಡೀಲಿಕ್ಕತ್ತೈತಿ. ಚಕ್ರ ನೋಡೋರು ಯಾರೂ ಇಲ್ರಿ."

ಹೇಳಬೇಡ ಎಂದಿದ್ದರು, ಹೇಳಲಿಲ್ಲ. "ಕೀ ಕೊಡಮ್ಮಾ" ಎಂದೆ.

ಹೋದೆ. ಅವರು ಕೂರುತ್ತಿದ್ದ ಜಾಗ ಖಾಲಿ. ದಿವಾನದ ಮೇಲೆ ಆಗಷ್ಟೇ ಒಗೆದ ಕವರಿನ ದಿಂಬು, ಮಡಚಿಟ್ಟ ಹೊದಿಕೆ. ಕಿತ್ತಳೆ ಚಕ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಅದಕ್ಕೆ ಬೆನ್ನು ಮಾಡಿ ಮಲಗಿದೆ.